ಮಲಾವಿ ಸರೋವರಕ್ಕೆ ಕೆಲವೇ ಸೀಟುಗಳು ಬಾಕಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ವಿಮಾನದಿಂದ ಶುರು ಮಾಡಿದರೆ ನಿಮಗೆ ಖುಷಿ, ಆದರೆ ವಿಮಾನ ಹತ್ತುವವರು ಇನ್ನೂ ಒಬ್ಬರೂ ಸಿಕ್ಕಿಲ್ಲ. ಸರೋವರದಿಂದ ಶುರು ಮಾಡೋಣವೆಂದರೆ ಅದಿರುವುದು ಮಲಾವಿಯಲ್ಲಿ. ನಾನು ಅಮೆರಿಕದ ಮಿನೆಸೋಟದ ಫೆಬ್ರವರಿಯಲ್ಲಿ, ಹಿಮ ಎತ್ತುವ ಸಲಿಕೆಯನ್ನು ಬಾಗಿಲಿಗೆ ಒರಗಿಸಿ ಕೂತಿದ್ದೇನೆ.

ಮೊದಲ ಕರಡು ಹೀಗಿತ್ತು: ‘ಪ್ರೊಫೆಸರ್ ಆರ್ಲಿಸ್ ಕ್ವಾಮಿ ಕಿಟಕಿಯ ಬಳಿ ನಿಂತು, ಹೆಪ್ಪುಗಟ್ಟಿದ ಕೆರೆಯನ್ನು ನೋಡುತ್ತ ನಿಟ್ಟುಸಿರು ಬಿಟ್ಟರು.’ ಆರ್ಲಿಸ್ ಓದಿ, ಕಾಗದವನ್ನು ನನ್ನತ್ತ ತಳ್ಳಿದರು.

“ನಿಟ್ಟುಸಿರು ಯಾವಾಗ ಬಿಟ್ಟೆ ಮೇಷ್ಟ್ರೇ? ಕಿಟಕಿ ಹತ್ರ ನಿಂತಿದ್ದು ಹೀಟರ್ ಅಲ್ಲಿದೆ ಅಂತ.”

ಹೊಡೆದುಹಾಕಿದೆ. (ನಾನು ಪಕ್ಕದ ಕೋಣೆಯಲ್ಲಿ ಗಣಿತ ಹೇಳುವವನು. ಕಥೆ ಬರೆಯುವುದು ಚಳಿಗಾಲದ ಚಟ.)

೨

ವಿಷಯ ಇಷ್ಟೇ. ಆರ್ಲಿಸ್ ಬದುಕಿಡೀ ಈ ವಿಶ್ವವಿದ್ಯಾಲಯದಲ್ಲಿ ಕೆರೆಗಳ ಪಾಠ ಮಾಡಿದವರು. ಮೇ ತಿಂಗಳಲ್ಲಿ ತಮ್ಮ ವಿದ್ಯಾರ್ಥಿಗಳನ್ನು ಮೂರು ವಾರ ಮಲಾವಿಯ ಆ ಮಹಾ ಸರೋವರಕ್ಕೆ ಕರೆದುಕೊಂಡು ಹೋಗಬೇಕು, ನೀರಿಗಿಳಿಸಿ ಪಾಠ ಮಾಡಬೇಕು ಎಂಬುದು ಅವರ ಆಸೆ. ಇಂಥ ಪ್ರವಾಸಗಳಲ್ಲಿ ಯೋಜನೆಯೂ ಪಾಠ ಮಾಡುವವರದೇ, ಮುಂದಾಳತ್ವವೂ ಅವರದೇ. ಒಂದೇ ಕಂಟಕ: ಶುಕ್ರವಾರದೊಳಗೆ ಹತ್ತು ಜನ ಹೆಸರು ಕೊಡದಿದ್ದರೆ ರದ್ದು. ಬೇಸಿಗೆಯಲ್ಲಿ ಆರ್ಲಿಸ್ ನಿವೃತ್ತಿ, ಹಾಗಾಗಿ ಮುಂದಿನ ವರ್ಷ ಎಂಬ ಮಾತೇ ಇಲ್ಲ.

ಅತ್ತ ಸರೋವರದ ದಡದಲ್ಲಿ ಕೊಂಡ್ವಾನಿ ಮ್ಸಿಸ್ಕ ಕಾಯುತ್ತಿದ್ದಾರೆ. ಒಂದು ಕಾಲದಲ್ಲಿ ಆರ್ಲಿಸ್ ಜೊತೆ ಓದಿದವರು, ಈಗ ಅಲ್ಲಿ ಮೀನಿನ ಮೇಷ್ಟ್ರು.

“ಆರ್ಲಿಸ್, ದೋಣಿಗೆ ಬಣ್ಣ ಹೊಡೆಸಿಬಿಟ್ಟಿದ್ದೀನಿ ಕಣೇ! ಮಕ್ಕಳನ್ನ ಕರ್ಕೊಂಡು ಬರ್ತೀಯೋ, ಇಲ್ಲ ಆಡುಗಳನ್ನ ಕೂರಿಸ್ಲೋ?” ಎಂದು ಫೋನಿನಲ್ಲಿ ರೇಗಿಸುತ್ತಾರೆ.

೩

ಇಲ್ಲಿ ಡೊಮಿನಿಕ್ ಕಪೂಟೊ ಬರಬೇಕು. ಹೊರದೇಶದ ಕಲಿಕೆಯ ಆಫೀಸು ನೋಡಿಕೊಳ್ಳುವವನು. ನ್ಯೂಜೆರ್ಸಿಯಿಂದ ಬಂದು ವರ್ಷವಾಗಿಲ್ಲ, ಜೋರು ದನಿ, ಒಳ್ಳೇ ಮನಸ್ಸು. ಆರ್ಲಿಸ್ ಬರೆದ ದಿನಚರಿ ಹಿಡಿದು ಕೂತಿದ್ದಾನೆ.

“ಮಂಗಳವಾರ ಮಧ್ಯಾಹ್ನ ಏನೂ ಬರ್ದಿಲ್ಲ ನೀವು.”

“ಬೇಕಂತ್ಲೇ ಬಿಟ್ಟಿದ್ದು. ಅನಿರೀಕ್ಷಿತವಾಗಿ ಏನಾದ್ರೂ ಆಗ್ಲಿ ಅಂತ.”

“ಹಂಗಾದ್ರೆ ‘ಅನಿರೀಕ್ಷಿತ ಅನುಭವ, ಎರಡರಿಂದ ನಾಲ್ಕು’ ಅಂತ ಬರೀರಿ. ಮಳೆ ಬಂದ್ರೆ ಬದಲಿ ಅನಿರೀಕ್ಷಿತ ಅನುಭವ ಯಾವ್ದು?”

(ಓದುಗರೇ, ಇದನ್ನು ನಾನು ಕಟ್ಟಿದ್ದಲ್ಲ. ಕಟ್ಟಿದ್ದರೆ ಸ್ವಲ್ಪ ನಂಬುವಂತೆ ಕಟ್ಟುತ್ತಿದ್ದೆ.)

ಪೋಸ್ಟರ್ ಮಾಡಿಸಿದವನೂ ಅವನೇ. ನೀಲಿ ನೀರು, ಹಳದಿ ಮೀನು, ಮೇಲೆ ಕೆಂಪಕ್ಷರದಲ್ಲಿ: ‘ಕೆಲವೇ ಸೀಟುಗಳು ಬಾಕಿ! ತಡಮಾಡಬೇಡಿ!’

“ಹಿಂಗೆ ಹಾಕಿದ್ರೆ ನಮ್ಮ ಕಡೆ ಬಾಗಿಲು ಮುರ್ಕೊಂಡು ಬರ್ತಾರೆ,” ಎಂದ.

೪

ಬಾಗಿಲು ಗಟ್ಟಿಯಾಗಿಯೇ ಉಳಿಯಿತು. ಮಾಹಿತಿ ಸಭೆಗೇನೋ ಕೋಣೆ ತುಂಬ ಮಕ್ಕಳು ಬಂದರು. ಆರ್ಲಿಸ್ ಮಾಡಿ ತಂದಿದ್ದ ನಿಂಬೆಯ ಸಿಹಿ ತಿಂದರು, ಮರಿಗಳನ್ನು ಬಾಯೊಳಗೆ ಇಟ್ಟುಕೊಂಡು ಸಾಕುವ ಮೀನಿನ ಚಿತ್ರ ನೋಡಿದರು, “ಪರವಾಗಿಲ್ಲ” ಎಂದರು. (ಇಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನನ್ನ ಮದುವೆಯ ದಿನ ಮಾವ ನನ್ನ ಬಗ್ಗೆ ಹೇಳಿದ್ದೂ ಇದನ್ನೇ.) ಹೆಸರು ಮಾತ್ರ ಒಬ್ಬರೂ ಕೊಡಲಿಲ್ಲ.

ಸಭೆ ಮುಗಿದ ಮೇಲೆ ಆರ್ಲಿಸ್ ತಟ್ಟೆ ತೊಳೆಯಲು ಎತ್ತಿಕೊಂಡರು. ಕೊನೆಯ ಒಂದು ತುಂಡು ಉಳಿದಿತ್ತು. ಯಾರೋ ಅದನ್ನು ಅರ್ಧ ಮಾಡಿ ಅರ್ಧ ತಿಂದಿದ್ದರು. ಇನ್ಯಾರೋ ಆ ಅರ್ಧದಲ್ಲಿ ಅರ್ಧ. ಕೊನೆಗುಳಿದದ್ದು ಇರುವೆಗೂ ಸಾಲದಷ್ಟು, ಆದರೂ ಉಳಿದಿತ್ತು. ಕೊನೆಯದನ್ನು ಈ ಊರಿನಲ್ಲಿ ಯಾರೂ ಮುಟ್ಟುವುದಿಲ್ಲ.

ಬಾಗಿಲ ಬಳಿ ಮಾರೆನ್ ಟೋಲೆಫ್ಸನ್ ಕುರ್ಚಿ ಜೋಡಿಸುತ್ತಿದ್ದಳು. ಹೆಪ್ಪುಗಟ್ಟಿದ ಕೆರೆಯ ಮೇಲೆ ತೂತು ಕೊರೆದು ಮೀನು ಹಿಡಿಯುವ ಮನೆತನದ ಹುಡುಗಿ. ಎಲ್ಲರಿಗಿಂತ ಮೊದಲು ಬಂದು ಎದುರಿನ ಸಾಲಿನಲ್ಲಿ ಕೂತಿದ್ದವಳು.

“ನೀನ್ಯಾಕಮ್ಮ ಹೆಸರು ಕೊಡ್ಲಿಲ್ಲ?”

“ಅಯ್ಯೋ ಪ್ರೊಫೆಸರ್, ಕೆಲವೇ ಸೀಟಂತಲ್ಲ. ನನಗಿಂತ ಬೇಕಾದೋರು ಯಾರಾದ್ರೂ ಇರ್ತಾರೆ. ನನ್ನಿಂದ ಅವರಿಗ್ಯಾಕೆ ತಪ್ಪಬೇಕು?”

ಆರ್ಲಿಸ್ ತಟ್ಟೆಯಲ್ಲಿ ಉಳಿದ ಆ ಚೂರನ್ನು ನೋಡಿದರು. ಇಡೀ ಕಾಲೇಜು ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟು ಮನೆಗೆ ಹೋಗಿತ್ತು.

೫

ಇಲ್ಲಿ ಎರಡು ಅಂತ್ಯ ಬರೆದಿಟ್ಟೆ.

(ಅ) ಶುಕ್ರವಾರ ಬಂತು, ಪ್ರವಾಸ ರದ್ದಾಯಿತು, ಮಲಾವಿಯಲ್ಲಿ ಬಣ್ಣದ ದೋಣಿ ಖಾಲಿ ತೇಲಿತು.

“ಛೇ, ತೆಗೀರಿ ಅದನ್ನ!” ಎಂದರು ಆರ್ಲಿಸ್. “ಇಷ್ಟು ಅಳು ನಮಗೆ ಆಗಿಬರಲ್ಲ.”

(ಆ) ಡೊಮಿನಿಕ್ ಮೇಜು ಕುಟ್ಟಿ ಮಕ್ಕಳಿಗೆ ಭಾಷಣ ಮಾಡಿದ, ಎಲ್ಲರೂ ಎದ್ದು ನಿಂತು ಹೆಸರು ಕೊಟ್ಟರು.

“ಭಾಷಣ ಮಾಡಿದೆ ಸರ್,” ಎಂದ ಡೊಮಿನಿಕ್ ಪೆಚ್ಚಾಗಿ. “ಎಲ್ರೂ ಥ್ಯಾಂಕ್ಸ್ ಹೇಳಿ ಹೋದ್ರು.”

ಆಗ ಆರ್ಲಿಸ್ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡರು. ಪೋಸ್ಟರ್ ತಿರುಗಿಸಿ, ಹಿಂಬದಿಯಲ್ಲಿ ತಾವೇ ಬರೆದರು: ‘ಮಲಾವಿಯಲ್ಲಿ ಬಲೆ, ಬಾಟಲಿ, ದೋಣಿಯ ಸಾಮಾನು ಹೊರಲು ಕೈ ಸಾಲುತ್ತಿಲ್ಲ. ನನಗೆ ಮಂಡಿನೋವು. ಯಾರಾದರೂ ಜೊತೆಗೆ ಬಂದರೆ ಉಪಕಾರ. ಆಗದಿದ್ದರೆ ಬೇಜಾರಿಲ್ಲ, ಹೇಗೋ ಮಾಡಿಕೊಳ್ಳುತ್ತೇನೆ.’

“ಇದು ಜಾಹೀರಾತಾ?” ಎಂದ ಡೊಮಿನಿಕ್.

“ಕೊನೇ ಸಾಲು ಓದಿದೋನಿಗೆ ಈ ಊರಲ್ಲಿ ಮನೇಲಿ ಕೂರಕ್ಕಾಗಲ್ಲ ಕಣಪ್ಪ.”

ಮಾರನೇ ಬೆಳಿಗ್ಗೆ ಆಫೀಸಿನ ಮುಂದಿನ ಸಾಲು ಮೆಟ್ಟಿಲಿಳಿದು ಕೆಳಗಿನ ಮಹಡಿಗೂ ಹೋಗಿತ್ತು. ಒಬ್ಬ ತನ್ನದೇ ಸಲಿಕೆ ತಂದಿದ್ದ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಡೊಮಿನಿಕ್ ಖುಷಿಗೆ ನನ್ನನ್ನು ಅಪ್ಪಿಕೊಂಡ. ಪ್ರವಾಸ ಗಟ್ಟಿಯಾಯಿತು.

೬

ಕಥೆ ಮುಗಿಯಿತೆಂದು ಚಹಾಕ್ಕೆ ಎದ್ದೆ. ಆರ್ಲಿಸ್ ಮುಖ ಸಪ್ಪಗಿತ್ತು.

“ಹಮಾಲರು ಸಿಕ್ಕಿದ್ರು ಮೇಷ್ಟ್ರೇ, ಕಲಿಯೋರು ಸಿಗ್ಲಿಲ್ಲ. ಎಲ್ರೂ ನನ್ನ ಮಂಡಿಗೋಸ್ಕರ ಬರ್ತಿದ್ದಾರೆ. ಒಬ್ರಾದ್ರೂ ‘ನಂಗೆ ಬೇಕು’ ಅಂದಿದ್ರೆ ಸಾಕಿತ್ತು. ಇಷ್ಟು ವರ್ಷ ಪಾಠ ಮಾಡಿ ಇವರಿಗೆ ಆಸೆ ಪಡೋದು ಕಲಿಸ್ಲಿಲ್ವಲ್ಲ.”

ಕಥೆಗಾರನಾಗಿ ಇದು ನನಗೆ ಸುಲಭದ ಕೆಲಸ. ‘ಮಾರೆನ್ ಮುಂದೆ ಬಂದು, ನನಗೆ ಬೇಕು, ಎಂದಳು’ ಎಂದು ಬರೆದೆ. ಮಾರೆನ್ ಕಿವಿಯವರೆಗೆ ಕೆಂಪಾದಳು.

“ಸರ್, ಪ್ಲೀಸ್, ಆ ಮಾತು ನನ್ನ ಬಾಯಲ್ಲಿ ಹಾಕ್ಬೇಡಿ. ಅಜ್ಜಿ ಓದಿದ್ರೆ ಏನಂದ್ಕೋತಾರೆ?”

ಅಳಿಸಿದೆ. ಬಾಯಿ ಅವಳದು.

೭

ಶನಿವಾರ ಬೆಳಿಗ್ಗೆ ತಯಾರಿ ಸಭೆ. ಮೇಜಿನ ಮೇಲಿನ ಪರದೆಯಲ್ಲಿ ಕೊಂಡ್ವಾನಿ ಇದ್ದರು, ಅವರಿಗೆ ಆಗ ಸಂಜೆ. ಔಷಧಿ, ಟೋಪಿ, ನೀರುಕುದುರೆ ಕಂಡರೆ ಏನು ಮಾಡಬಾರದು, ಎಲ್ಲ ಮುಗಿಯಿತು. ಆರ್ಲಿಸ್ ಎರಡೂ ತೊಡೆ ತಟ್ಟಿ, “ಸರಿ ಹಾಗಾದ್ರೆ,” ಎಂದರು.

ನಿಮ್ಮಲ್ಲಿ ಹೀಗೆಂದರೆ ಹೊರಟರು ಎಂದರ್ಥ. ಇಲ್ಲಿ ಹೊರಡುವ ಕಾರ್ಯಕ್ರಮದ ಪ್ರಾರ್ಥನೆ ಅಷ್ಟೇ. ಎಲ್ಲರೂ ಎದ್ದರು, ಕುರ್ಚಿ ಹಿಂದೆ ನಿಂತು ಮಾತಾಡಿದರು. ಕೋಟಿನ ಹತ್ತಿರ ಮಾತಾಡಿದರು. ಬಾಗಿಲು ತೆರೆದುಕೊಂಡು ಹೊಸ್ತಿಲಲ್ಲಿ ಮಾತಾಡಿದರು. ಕರೆ ಕತ್ತರಿಸಲು ಯಾರಿಗೂ ಮನಸ್ಸಿಲ್ಲ.

“ಇನ್ನೂ ಹೋಗಿಲ್ವೇನ್ರೋ?” ಎಂದು ಕೊಂಡ್ವಾನಿ ನಕ್ಕರು. “ಹಂಗಾದ್ರೆ ನೋಡ್ಕೊಳ್ಳಿ,” ಎಂದು ಫೋನನ್ನು ಆಚೆ ತಿರುಗಿಸಿದರು.

ಪರದೆಯ ತುಂಬ ನೀರು. ಆಚೆ ದಡವೇ ಕಾಣದಷ್ಟು, ತೆರೆಯುವ, ಮಡಚುವ, ಬಿಸಿಲು ಹೊತ್ತ ನೀರು. ಯಾರೋ ದೋಣಿಯಿಂದ ಧುಮುಕಿದ ಸದ್ದು, ಯಾರದೋ ಕೇಕೆ.

ಒಂದು ತೋಳು ಕೋಟಿನೊಳಗೆ, ಒಂದು ಹೊರಗೆ ಇದ್ದ ಮಾರೆನ್ ವಾಪಸು ನಡೆದು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಳು.

“ನಂಗೆ ಬೇಕು,” ಎಂದಳು. “ನಂಗೆ ಇದು ಬೇಕು. ಯಾರಿಗೂ ಬಿಟ್ಕೊಡಲ್ಲ.”

ಹೊಸ್ತಿಲಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಮೇಲೆ ಸಲಿಕೆಯ ಹುಡುಗ, “ನಂಗೂ,” ಎಂದ. ಆಮೇಲೆ ಯಾರು ಯಾರು ಎಂದರೋ ನನಗೆ ಬರೆದುಕೊಳ್ಳಲಾಗಲಿಲ್ಲ. ಆರ್ಲಿಸ್ ಸಂತೋಷ ತಡೆಯಲಾಗದೆ ಪಕ್ಕದಲ್ಲಿದ್ದ ಡೊಮಿನಿಕ್‌ನ ಬೆನ್ನಿಗೆ ಗುದ್ದುತ್ತಿದ್ದರು, ಅವನು ಗುದ್ದಿಸಿಕೊಳ್ಳುತ್ತಿದ್ದ.

೮

‘ಮುಗಿಯಿತು’ ಎಂದು ಬರೆದೆ. ಯಾರೋ “ಅಂದ ಹಾಗೆ” ಎಂದರು, ಹೊಡೆದುಹಾಕಿದೆ. ಮತ್ತೆ ಬರೆದೆ, ಮತ್ತೆ “ಅಂದ ಹಾಗೆ.” ಓದುಗರೇ, ನಿಮಗೆ ಕೆಲಸವಿದ್ದರೆ ಹೊರಡಿ, ಇವರನ್ನು ನಂಬಿ ಕೂರಬೇಡಿ.

“ವಿಮಾನ ಹತ್ತಿಸ್ಬಿಡ್ಲಾ?” ಎಂದು ಆರ್ಲಿಸ್ ಅವರನ್ನು ಕೇಳಿದೆ.

“ಇಷ್ಟು ಬೇಗ ಯಾಕ್ರೀ? ಇನ್ನೂ ಹೊರಡೋ ಮಜಾನೇ ಮುಗಿದಿಲ್ಲ.”

“ಬಾಗ್ಲಾದ್ರೂ ಹಾಕ್ರಪ್ಪ, ಚಳಿ!” ಎಂದು ಡೊಮಿನಿಕ್ ಕೂಗಿದ. ಹಾಕಬೇಕೆಂದರೆ ಯಾರಾದರೂ ಒಳಗಾದರೂ ಬರಬೇಕು, ಹೊರಗಾದರೂ ಹೋಗಬೇಕು. ಅಷ್ಟರಲ್ಲಿ ಮಾರೆನ್ ಇನ್ನೊಂದು ತೋಳನ್ನೂ ಕೋಟಿನಿಂದ ಬಿಡಿಸಿಕೊಂಡು ಪರದೆಯತ್ತ ಬಾಗಿದಳು.

“ಸರ್, ಒಂದೇ ನಿಮಿಷ. ಆ ಮೀನು ಬಾಯಲ್ಲಿ ಮರಿ ಇಟ್ಕೊಂಡು ಊಟ ಹೆಂಗೆ ಮಾಡತ್ತೆ?”