ಮೂರನೇ ಬೋಗಿಯ ರಾಷ್ಟ್ರಪತಿ

ಸೇವಂತಿಗೆ ಹಾರದ ಕವರಿನಿಂದ ತೊಟ್ಟಿಕ್ಕಿದ ನೀರು ಸೀರೆಯ ಮೇಲೆ, ಮಂಡಿಯ ಹತ್ತಿರ, ತಣ್ಣಗೆ ಹರಡುತ್ತಿದೆ, ಒರೆಸಿಕೊಳ್ಳಬೇಕು ಅನ್ನಿಸಿದರೂ ಇಂದ್ರಮ್ಮನ ಕೈ ಏಳಲಿಲ್ಲ, ಎಷ್ಟು ದಪ್ಪ ಕಟ್ಟಿಸಿದ್ದಾನೆ ಈ ಚೌಡಯ್ಯ, ಮದುವೆ ಗಂಡಿಗೂ ಇಷ್ಟು ದಪ್ಪದ ಹಾರ ಹಾಕುವುದಿಲ್ಲ, ತನಗೆ ಇದು, ಮದ್ದೂರಿಗೂ ಮಂಡ್ಯಕ್ಕೂ ನಡುವೆ ದಿನಾ ಬೆಳಗ್ಗೆ ಅರ್ಧ ಗಂಟೆ ಮಾತ್ರ ಉಸಿರಾಡುವ ಒಂದು ಗಣರಾಜ್ಯದ ರಾಷ್ಟ್ರಪತಿ ಪದವಿಗೆ — ಪ್ಯಾಸೆಂಜರ್ ಗಾಡಿಯ ಮೂರನೇ ಬೋಗಿ, ಎದುರುಬದುರು ಎರಡು ಸಾಲು ಸೀಟು, ಹದಿನಾಲ್ಕು ಜನ ಪಾಸಿನವರು, ಅಷ್ಟೇ ದೇಶ, ಕಿಟಕಿ ಪಕ್ಕದ ಸೀಟೇ ಸಿಂಹಾಸನ. ಮೊದಲನೆಯವರು ರಾಮಾನುಜ ಮೇಷ್ಟ್ರು, ಸರ್ಕಾರ ಬೇಡ ಅಂದರೂ ಶಿವಪುರದಲ್ಲಿ ಬಾವುಟ ಹಾರಿಸಿದ ನೆಲದವರು ನಾವು, ಒಂದು ಬೋಗಿ ಆಳೋದಕ್ಕೆ ಆಗೋದಿಲ್ವೇ ಎಂದು ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಸಂವಿಧಾನ ಬರೆದವರು, ಒಂಬತ್ತು ವರ್ಷ ಆಳಿ ರಿಟೈರಾದರು, ಈಗ ಅವರಿಗೆ ಹೆಂಡತಿಯ ಹೆಸರೇ ನೆನಪಿಲ್ಲ, ನೋಡಲು ಹೋದಾಗ ದಾರಿಯ ಸ್ಟೇಷನ್ನಿನ ಹೆಸರು ಹಿಡಿದು ಹನಕೆರೆ ಬಂತಾ ಎಂದು ಕೇಳಿದರು, ಅಯ್ಯೋ. ಎರಡನೆಯವಳು ಪುಟ್ಟಮಾದಮ್ಮ, ಸೊಪ್ಪು ಮಾರುವವಳು, ಪ್ರಮಾಣವಚನಕ್ಕೂ ಹೆಬ್ಬೆಟ್ಟೇ ಒತ್ತಿದ್ದಳು, ಮಂಡಿ ಸೋತು ಗಾಡಿ ಹತ್ತಲಾರದೆ ಪದವಿ ಬಿಟ್ಟಳು. ಮೂರನೆಯವನು ಚಲುವರಾಜು — ಅಲ್ಲಿಗೆ ಬಂದರೆ ಮನಸ್ಸು ಮೊಂಡೆತ್ತಿನ ಹಾಗೆ ನಿಂತುಬಿಡುತ್ತದೆ, ಕಿಟಕಿಯ ಸರಳುಗಳ ನಡುವೆ ನೀಲಿ ಅಂಚಿನ ಟವಲಿನ ತುದಿ. ಬೇಡ, ಈಗ ಬೇಡ, ಮೊದಲು ಸೀರೆ ಒರೆಸಿಕೊಳ್ಳಬೇಕು.

ಮಂಡ್ಯದ ಯಾವುದೋ ಕಚೇರಿಯ ಮೂಲೆಯಲ್ಲಿ ಗುಮಾಸ್ತ ಈ ಚಲುವರಾಜು, ಅಲ್ಲಿ ಬಾಯಿ ಇಲ್ಲದ ಮನುಷ್ಯ, ಬೋಗಿಗೆ ಕಾಲಿಟ್ಟರೆ ಹುಲಿ, ಕಡಲೆಕಾಯಿ ಸಿಪ್ಪೆ ಎಸೆದವರನ್ನ ಹನಕೆರೆಗೆ ಗಡೀಪಾರು ಮಾಡಿದ್ದೀನಿ ಎಂದು ಘೋಷಿಸುತ್ತಿದ್ದ, ಹನಕೆರೆಯಲ್ಲಿ ಇಳಿಯುವವರೇ ಎಸೆದಿದ್ದರೆ ಏನ್ಮಾಡ್ತೀಯಾ ಎಂದರೆ ಕ್ಷಮಾದಾನ ಕಣಮ್ಮ ಎನ್ನುತ್ತಿದ್ದ, ಎಷ್ಟು ನಗಿಸಿದ್ದ ಪುಣ್ಯಾತ್ಮ, ತನ್ನ ಗಂಡ ತೀರಿಕೊಂಡ ವರ್ಷವೂ, ಯಾರೂ ನಗಬಾರದು ಅಂದುಕೊಂಡಿದ್ದ ಆ ವರ್ಷವೂ ನಗಿಸಿದ್ದ. ಸಂವಿಧಾನದ ಮೂರನೇ ಕಲಮು ಮೇಷ್ಟ್ರದ್ದೇ ಬರಹ, ಸತತ ಮೂರು ದಿನ ಸಿಂಹಾಸನಕ್ಕೆ ಟವಲು ಬೀಳದಿದ್ದರೆ ರಾಷ್ಟ್ರಪತಿ ಪದಚ್ಯುತ, ಉಪರಾಷ್ಟ್ರಪತಿಗೆ ಪಟ್ಟ, ಮನುಷ್ಯ ಆಮೇಲೆ ಹತ್ತಿದರೂ ಅಡ್ಡಿಯಿಲ್ಲ, ಗಾಡಿ ಮದ್ದೂರಿನ ಪ್ಲಾಟ್‌ಫಾರಂ ದಾಟುವ ಮೊದಲು ಕಿಟಕಿಯಿಂದ ಟವಲು ಒಳಗೆ ಬಿದ್ದಿರಬೇಕು. ಉಪರಾಷ್ಟ್ರಪತಿ ಅಂದರೆ ತಾನೇ, ಹಾಜರಿ ನೋಡುವವಳೂ ತಾನೇ. ಸೋಮವಾರ ಬರಲಿಲ್ಲ, ಮಂಗಳವಾರ ಬರಲಿಲ್ಲ, ಬುಧವಾರ ಗಾಡಿ ಬರುವ ಹೊತ್ತಿಗೆ ತಾನೇ ಫೋನು ಮಾಡಿದಳು, ಏನ್ ಸಾಹೇಬ್ರೆ, ಇವತ್ತೂ ಬರ್ನಿಲ್ಲ ಅಂದ್ರೆ ಕುರ್ಚಿ ನಂದು, ಆ ಕಡೆಯಿಂದ ಕೆಮ್ಮಿನ ಜೊತೆ ನಗು, ಬತ್ತಾ ಇವ್ನಿ ಕಣಮ್ಮ, ಅದೆಂಗ್ ಬುಟ್ಬುಟ್ಟೇನು ಕುರ್ಚಿಯ. ಗಾಡಿ ಹೊರಟಿತ್ತು, ಓಡಿ ಬಂದ, ಬಾಗಿಲಿಗೆ ಬರಬೇಕಿತ್ತು, ಬಾಗಿಲು ನಾಲ್ಕೇ ಹೆಜ್ಜೆ, ಚೌಡಯ್ಯ ಅಲ್ಲಿ ಕೈ ಚಾಚಿ ನಿಂತಿದ್ದ, ಆದರೆ ಅವನು ಬಂದದ್ದು ಕಿಟಕಿಗೆ, ಟವಲು ಹಾಕಲು, ಮುಂದೆ ನೋಡಲಿಲ್ಲ, ಕಿಟಕಿಯನ್ನೇ ನೋಡುತ್ತ ಓಡಿದ, ಪ್ಲಾಟ್‌ಫಾರಂ ಮುಗಿದುಹೋಯಿತು. ಪಾಪ, ಟವಲು ಎಟುಕ್ನಿಲ್ಲ ಎಂದರು ಎಲ್ಲರೂ, ಪೊಲೀಸರೂ ಹಾಗೇ ಬರೆದುಕೊಂಡರು, ತಾನೂ ಹೂಂ ಎಂದಳು. ಅದೊಂದು ಹೂಂ ವರ್ಷದಿಂದ ಗಂಟಲಲ್ಲಿ ಬಿಸಿ ತುಪ್ಪವಾಗಿ ಕೂತಿದೆ, ಉಗುಳುವುದಕ್ಕೂ ಇಲ್ಲ, ನುಂಗುವುದಕ್ಕೂ ಇಲ್ಲ.

ಮನೆಯಲ್ಲಿ ಸಾವಾದರೆ ವರ್ಷ ತುಂಬುವವರೆಗೆ ಶುಭಕಾರ್ಯ ಇಲ್ಲ, ಗಣರಾಜ್ಯಕ್ಕೂ ಅದೇ ಎಂದು ಚೌಡಯ್ಯ ತೀರ್ಪು ಕೊಟ್ಟ, ಕೋರ್ಟಿನಲ್ಲಿ ಸಮನ್ಸು ಹಂಚುವ ಅಮೀನ, ತೀರ್ಪು ಕೊಡುವ ಚಟ ಎಲ್ಲಿ ಬಿಟ್ಟೀತು, ವರ್ಷವಿಡೀ ಸೀಟು ಖಾಲಿ, ಗೊತ್ತಿಲ್ಲದ ಯಾರಾದರೂ ಕೂತರೆ ಹದಿಮೂರು ಜನವೂ ಸುಮ್ಮನೆ ಅವರ ಮುಖ ನೋಡುತ್ತಿದ್ದರು, ಅವರೇ ಎದ್ದುಹೋಗುತ್ತಿದ್ದರು. ತಿಥಿ ಮುಗಿಯಿತು, ಇವತ್ತು ಪಟ್ಟ, ಬೇಡ ಕಣಯ್ಯ ಎಂದರೆ ಸಂವಿಧಾನ ಕಣಮ್ಮ ಎಂದ, ಅದಾದರೂ ಹೇಗೋ ತಡೆದುಕೊಳ್ಳುತ್ತಿದ್ದಳು, ಆದರೆ ಹಾರ ಹಾಕಲು ಚಲುವರಾಜುವಿನ ಹೆಂಡತಿಯನ್ನೇ ಕರೆತರುತ್ತಾನೆ ಎಂದು ಯಾರು ಕಂಡಿದ್ದರು. ಗಂಡನ ಕೆಲಸ ರೂಪಳಿಗೆ ಸಿಕ್ಕಿದೆ, ಅದೇ ಕಚೇರಿ, ಅದೇ ಮೂಲೆ, ಇವತ್ತೇ ಹೊಸ ಪಾಸು, ಗಂಡ ಸತ್ತೋಳು ನಾನು ಆಕ್ಬೋದಾ ಎಂದು ಅವಳು ಹಿಂಜರಿದರೆ ಅವೆಲ್ಲ ಹಳೇ ಕಾಲ ಬುಡವ್ವ ಎಂದನಂತೆ ಚೌಡಯ್ಯ, ಒಳ್ಳೆಯವನು, ಈ ಒಳ್ಳೆಯವರಿಂದಲೇ ಬದುಕು ಕಷ್ಟ. ಪಕ್ಕದಲ್ಲೇ ಕೂತಿದ್ದಾಳೆ, ಮೊಣಕೈ ತಾಗುತ್ತಿದೆ, ಊಟದ ಡಬ್ಬಿಯಿಂದ ಹುರುಳಿ ಬಸ್ಸಾರಿನ ವಾಸನೆ, ಅವನ ಡಬ್ಬಿಯದೂ ಇದೇ ವಾಸನೆ, ಮೆಲ್ಲಗೆ ಹೇಳುತ್ತಿದ್ದಾಳೆ, ಅವತ್ತು ಮೂರ್ನೇ ದಿಸದ ಜರ ಕಣಕ್ಕ, ಮೈ ಕಾದ ಹಂಚಾಗಿತ್ತು, ಮಲಿಕ್ಕೊಳಿ ಅಂದೆ, ಯಾರ್ದೋ ಫೋನ್ ಬಂತು, ನಗ್ತಾ ನಗ್ತಾ ಎದ್ದು ಓದ್ರು, ಮನೇಲಿ ಅಂಗ್ ನಕ್ಕೋರೇ ಅಲ್ಲ, ಆ ನಗು ನೋಡ್ಬುಟ್ಟು ನಾನೂ ತಡೀನಿಲ್ಲ. ಯಾರದು ಫೋನು, ಎಂದು ಕೇಳಿಯೇಬಿಟ್ಟಳು ಇಂದ್ರಮ್ಮ. ಯಾರ್ದೋ, ಫೋನೇ ಪುಡಿಯಾಗೋಗಿತ್ತಲ್ಲ, ಯಾರಾದ್ರೇನು, ಕೊನೇ ದಿಸ ನಗ್ಸಿ ಕಳುಸುದ್ರು, ಅವರೊಟ್ಟೆ ತಣ್ಗಿರ್ಲಿ. ಹೊರಗೆ ಕಬ್ಬಿನ ಗದ್ದೆ ಹಿಂದಕ್ಕೆ ಓಡುತ್ತಿದೆ, ಜ್ವರವೆಂದು ಗೊತ್ತಿದ್ದರೆ, ಗೊತ್ತಿರಲಿಲ್ಲ, ಕೆಮ್ಮಿದ್ದು ಕೇಳಿಸಿತ್ತಲ್ಲ, ಕೇಳಿಸಿತ್ತು.

ಹನಕೆರೆ ದಾಟಿತು, ಚೌಡಯ್ಯ ಎದ್ದು ಕೋರ್ಟಿನ ಕೂಗು ಹಾಕಿದ, ನಾಲ್ಕ್ನೇ ರಾಷ್ಟ್ರಪತಿ ಇಂದ್ರಮ್ಮನೋರು ಹಾಜರ್, ಎಲ್ಲರೂ ಚಪ್ಪಾಳೆ, ಯಾರೋ ತೋಳು ಹಿಡಿದು ಎಬ್ಬಿಸಿದರು, ರೂಪ ಕವರಿನಿಂದ ಹಾರ ತೆಗೆಯುತ್ತಿದ್ದಾಳೆ, ಬಗ್ಗು ಸಾಕು, ಕತ್ತು ಬಗ್ಗಿಸಿದರೆ ಮುಗಿಯಿತು, ಮಂಡ್ಯ ಬರುತ್ತದೆ, ಎಲ್ಲರೂ ಇಳಿಯುತ್ತಾರೆ, ಬಾಯಿ ಬಿಟ್ಟರೆ ಬಣ್ಣಗೇಡು, ಯಾರೂ ನೋಡಿಲ್ಲ, ಚೌಡಯ್ಯ ಬಾಗಿಲಲ್ಲಿದ್ದ, ಉಳಿದವರು ಅವನ ಹಿಂದೆ, ಕಿಟಕಿಯಲ್ಲಿ ತಾನೊಬ್ಬಳೇ. ರೂಪಳ ಕೈ ಬರಿದು, ಬಳೆ ಇಲ್ಲ, ಆ ಬರಿ ಕೈ ಹಾರ ಹಿಡಿದು ತನ್ನ ಕತ್ತಿನತ್ತ ಏಳುತ್ತಿದೆ, ಬಗ್ಗಿಸಕ್ಕ ಎನ್ನುತ್ತಿದೆ ಅವಳ ಬಾಯಿ, ನಗಲು ನೋಡುತ್ತಿದ್ದಾಳೆ, ಪಾಪದ ಹುಡುಗಿ, ಇವಳ ಹಾರ ಹಾಕಿಸಿಕೊಂಡು ನಾಳೆಯಿಂದ ದಿನಾ ಪಕ್ಕದಲ್ಲಿ ಕೂತು ಬಸ್ಸಾರು ಹಂಚಿಕೊಂಡು ತಿನ್ನಬೇಕೇ — ಆ ಫೋನು ನಂದು ರೂಪಾ, ಎಂದಿತು ಯಾರದೋ ಗಂಟಲು, ತನ್ನದೇ, ಟವಲು ಎಟುಕಿತ್ತು ಕಣೇ, ಒಳಗೇ ಬಂದಿತ್ತು, ನಾನೇ ಆಚೆಗೆ ತಳ್ದೆ, ತಮಾಷೆಗೆ, ಎರಡು ಸಲ ತಳ್ದೆ. ಚಪ್ಪಾಳೆ ಒಂದೊಂದೇ ನಿಂತಿತು, ಚೌಡಯ್ಯ ಏನೋ ಕೇಳಿದ, ಹಾರ ರೂಪಳ ಎದೆಯ ಎತ್ತರದಲ್ಲೇ ನಿಂತಿದೆ, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ, ಅವಳ ಮುಖ ನೋಡಬೇಕು, ನೋಡಲೇಬೇಕು, ಕಣ್ಣು ಕಿಟಕಿಗೇ ಹೋಗುತ್ತದೆ, ನೀಲಿ ಅಂಚಿನ ತುದಿ ಸರಳುಗಳ ನಡುವೆ ಒಳಗೆ ಬರುತ್ತದೆ, ಒದ್ದೆಯಾಗಿದೆ, ಬಿಸಿಯಾಗಿದೆ, ತನ್ನ ಎರಡು ಬೆರಳು ಅದನ್ನು ಆಚೆಗೆ ತಳ್ಳುತ್ತವೆ, ಅವನು ನಗುತ್ತಾನೆ, ತುದಿ ಮತ್ತೆ ಒಳಗೆ ಬರುತ್ತದೆ, ಎರಡು ಬೆರಳು, ಎರಡು ಬೆರಳು