ಸುಣ್ಣ ಬಳಿದ ಹರಿಗೋಲು

೧೯೪೪ನೆಯ ಇಸವಿ ಅಕ್ಟೋಬರ್ ಹತ್ತೊಂಬತ್ತು, ಗುರುವಾರ. ಲಿಂಗಸುಗೂರಿನ ಹಳೆಯ ದಂಡಿನ ಬ್ಯಾರಕ್ಕಿನಲ್ಲಿ ಪ್ರದರ್ಶನಕ್ಕಿಟ್ಟ ವಸ್ತುಗಳು ನಲವತ್ತೊಂದು. ಅವುಗಳಲ್ಲಿ ನಲವತ್ತು ಮುಂಬಯಿಯಿಂದ ಬಂದವು. ಒಂದು ಕೃಷ್ಣಾ ನದಿಯಿಂದ.

ಮುಂಬಯಿಯಿಂದ ಬಂದವುಗಳಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಮೊಳದುದ್ದದ ಯುದ್ಧನೌಕೆಗಳಿದ್ದವು, ಹಿತ್ತಾಳೆಯ ದಿಕ್ಸೂಚಿ ಇತ್ತು, ಆಯುಷ್ಯ ತೀರಿ ಒಡೆದುಹಾಕಿದ ಹಡಗೊಂದರ ಗಂಟೆ ಇತ್ತು. ಹಿಂದಿನ ಶತಮಾನದಲ್ಲಿ ತೇಗದ ಮರದಿಂದ ಕಟ್ಟಿದ ಹಾಯಿಹಡಗುಗಳ ಚಿತ್ರಗಳು ಗೋಡೆಯುದ್ದಕ್ಕೂ ತೂಗುತ್ತಿದ್ದವು. ಯುದ್ಧ ಇನ್ನೂ ಮುಗಿದಿರಲಿಲ್ಲ. ನೌಕಾಪಡೆಗೆ ಹುಡುಗರು ಬೇಕಾಗಿದ್ದರು. ಆದುದರಿಂದ ಪಡೆಯ ವಾರ್ಷಿಕೋತ್ಸವದ ನೆಪದಲ್ಲಿ, ಸಮುದ್ರವನ್ನು ಕನಸಿನಲ್ಲಿಯೂ ಕಾಣದ ತಾಲೂಕುಗಳಿಗೆ ಅದರ ಚರಿತ್ರೆಯನ್ನು ಬಂಡಿಗಳಲ್ಲಿ ಹೇರಿ ತಂದಿದ್ದರು. ಜನ ಇದನ್ನು ‘ಹಡಗಿನ ನುಮಾಯಿಷ್’ ಎಂದು ಕರೆದರು. ಆಯಾ ತಾಲೂಕಿನ ಜಲವಾಹನವೊಂದನ್ನೂ ಜೊತೆಗಿಡಬೇಕೆಂದು ಮೇಲಿನ ಹುಕುಮಿತ್ತು. ನಲವತ್ತೊಂದನೆಯದು ಹೀಗೆ ಬಂದ ಹರಿಗೋಲು: ಬಿದಿರಿನ ಹೆಣಿಗೆಗೆ ಎರಡು ಎಮ್ಮೆತೊಗಲು ಹೊದಿಸಿ ಹೊಲಿದ ದುಂಡನೆಯ ದೋಣಿ.

ಪ್ರದರ್ಶನದ ಉಸ್ತುವಾರಿ ಕಂದಾಯ ಕಚೇರಿಯ ಗಿರದಾವರ ಯಂಕೋಬರಾಯರದು. ಹೊಲಗಳನ್ನು ಅಳೆದು ಅಳೆದು ಮಾತನ್ನೂ ಅಳೆದೇ ಆಡುವ ರೂಢಿ ಅವರಿಗೆ ಬಂದುಬಿಟ್ಟಿತ್ತು. ಶೀಲಹಳ್ಳಿಯ ದಂಡೆಗೆ ತಾವೇ ಹೋಗಿ, ಅಂಬಿಗರ ಗದ್ದೆಪ್ಪನಿಂದ ಹರಿಗೋಲು ಕೇಳಿ ತಂದಿದ್ದರು. ಆ ದಂಡೆಯಲ್ಲಿ ಅದೊಂದೇ ಹರಿಗೋಲು. ಹೊಳೆಯ ನಡುವಿನ ಗಡ್ಡೆಯ ಮೇಲಿನ ಮನೆಗಳಿಗೆ ನೀರಿಳಿಯುವವರೆಗೆ ಅದೇ ದಾರಿ.

“ಗುರುವಾರ ನಿನ್ನ ಹರಿಗೋಲು ನಿನಗೆ,” ಎಂದಿದ್ದರು ರಾಯರು. “ಚೀಟಿ ಬರೆದು ಕೊಡಲೇನು?”

“ಚೀಟಿ ಹೊಳಿ ದಾಟಸ್ತೈತೇನ್ರೀ?” ಎಂದು ಗದ್ದೆಪ್ಪ ನಕ್ಕಿದ್ದ. “ನೀವು ಅಂದೀರಿ, ಅಷ್ಟ ಸಾಕು.”

ಆ ಗುರುವಾರ ಬೆಳಿಗ್ಗೆ ಹೊಸ ಹುಕುಮು ಬಂದಿತು. ರಾಯಚೂರಿನಿಂದ ಜಿಲ್ಲೆಯ ಮುಖ್ಯಾಧಿಕಾರಿ ತಾಲೂಕುದಾರ ಸಾಹೇಬರು ಶನಿವಾರ ಪ್ರದರ್ಶನಕ್ಕೆ ದಯಮಾಡಿಸುವರು. ಅದಾದ ಮೇಲೆ ನಲವತ್ತೊಂದು ವಸ್ತುಗಳೂ ಮಸ್ಕಿಗೆ, ಅಲ್ಲಿಂದ ಸಿಂಧನೂರಿಗೆ ಹೋಗತಕ್ಕದ್ದು. ರಾಯರು ಅದನ್ನು ಎರಡು ಬಾರಿ ಓದಿದರು. ಹರಿಗೋಲಿನ ವಿಷಯ ಆಮೇಲೆ ನೋಡಿದರಾಯಿತೆಂದು, ಮೊದಲು ಸಾಹೇಬರ ದೌರಾದ ಏರ್ಪಾಡಿಗೆ ಕೈಹಚ್ಚಿದರು. ಸಾಹೇಬರು ಬರುತ್ತಾರೆಂದರೆ ಆ ಸೀಮೆಯಲ್ಲಿ ಮೊದಲು ಏಳುವುದು ಸುಣ್ಣದ ಬಕೀಟು. ಮರದ ಬೊಡ್ಡೆಗೆ ಸುಣ್ಣ, ಮೈಲಿಗಲ್ಲಿಗೆ ಸುಣ್ಣ, ಬಾವಿಯ ಕಟ್ಟೆಗೆ ಸುಣ್ಣ. ರಾಯರು ಚಪರಾಸಿ ಜಂಗ್ಲಿಸಾಬನನ್ನು ಕರೆದು ಹೇಳಿದರು:

“ಒಳಗೂ ಹೊರಗೂ ಸುಣ್ಣ ಕಾಣದ ಜಾಗ ಒಂದೂ ಇರಕೂಡದು.”

ಜಂಗ್ಲಿಸಾಬ ಹೇಳಿದ್ದನ್ನು ಹೇಳಿದಂತೆ ಮಾಡುವ ಮನುಷ್ಯ.

ಬ್ಯಾರಕ್ಕಿನ ಬಾಗಿಲಿಗಿಂತ ಹರಿಗೋಲು ಅಗಲವಾಗಿದ್ದುದರಿಂದ ಅದನ್ನು ಹೊರಗೆ ಬೇವಿನ ಮರದ ಕೆಳಗೆ ಬೋರಲು ಹಾಕಿದ್ದರು. ಮಧ್ಯಾಹ್ನ ಗದ್ದೆಪ್ಪನೂ ಅವನ ಹೆಂಡತಿ ಜೋಗಮ್ಮನೂ ಬಂಡಿ ಹೊಡೆದುಕೊಂಡು ಬಂದರು. ಮರದ ಕೆಳಗೆ ಬೆಳ್ಳಗೆ ಗುಮ್ಮಟದಂತೆ ಹೊಳೆಯುತ್ತಿದ್ದುದನ್ನು ಕಂಡು ಜೋಗಮ್ಮ ಬಂಡಿಯಿಂದಲೇ ಕೈಮುಗಿದಳು.

“ಇದ್ಯಾರ ಗೋರಿ ಕಟ್ಟ್ಯಾರ್ರೀ ಇಲ್ಲೆ? ಮೊನ್ನಿ ಬಂದಾಗ ಇರಲಿಲ್ಲಲ್ಲ?”

“ಗೋರಿ ಅಲ್ಲಬೇ ಯವ್ವಾ, ನಿಮ್ಮ ಹರಿಗೋಲು!” ಎಂದ ಜಂಗ್ಲಿಸಾಬ, ಹೆಮ್ಮೆಯಿಂದ. “ಎರಡು ಕೈ ಹಚ್ಚೀನಿ. ಸಾಹೇಬ್ರು ನೋಡಿದ್ರ ದಂಗಾಗಬೇಕು.”

ಜೋಗಮ್ಮ ಮುಗಿದ ಕೈಯನ್ನು ಇಳಿಸುವುದನ್ನೇ ಮರೆತಳು. ಗದ್ದೆಪ್ಪ ಇಳಿದು ಬಂದು ತೊಗಲಿನ ಮೇಲೆ ಬೆರಳೆಳೆದ. ಒಣಗಿದ ಸುಣ್ಣದ ಪದರು ಬಿರಿಯಿತು. ಅದರೊಡನೆ ತೊಗಲೂ ಸಣ್ಣಗೆ ಬಿರಿಯಿತು.

ಯಂಕೋಬರಾಯರು ಹೊರಗೆ ಬಂದದ್ದು ಆಗ. ಅವರಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಸಿತೊಗಲಿನ ಕೂದಲು ಉದುರಿಸಲು ಅದನ್ನು ಸುಣ್ಣದ ಗುಂಡಿಯಲ್ಲಿ ಹಾಕುವುದನ್ನು ಅವರು ಊರೂರಿನಲ್ಲಿ ಕಂಡವರು. ಹದಗೊಂಡ ತೊಗಲಿಗೆ ಅದೇ ಸುಣ್ಣ ತಗುಲಿದರೆ ಹದವೆಲ್ಲ ಹೋಗಿ ಹಪ್ಪಳವಾಗುತ್ತದೆ. ಜಂಗ್ಲಿಸಾಬನನ್ನು ಬೈಯಲು ತೆರೆದ ಬಾಯನ್ನು ಮುಚ್ಚಿಕೊಂಡರು. ‘ಸುಣ್ಣ ಕಾಣದ ಜಾಗ ಒಂದೂ ಇರಕೂಡದು’ ಎಂದದ್ದು ಯಾರು?

“ಗದ್ದೆಪ್ಪ, ತಪ್ಪು ನನ್ನದು,” ಎಂದರು. “ಇನ್ನೊಂದು ಮಾತಿದೆ. ಇದನ್ನು ಸಿಂಧನೂರಿಗೆ ಕಳಿಸಬೇಕೆಂದು ಹುಕುಮು ಬಂದಿದೆ.”

ಗದ್ದೆಪ್ಪ ಬೆರಳಿನ ಸುಣ್ಣ ಒರೆಸಿಕೊಂಡ. ಜೋಗಮ್ಮ ಮಾತಾಡಿದಳು.

“ಸಿಂಧನೂರಾಗ ಹೊಳಿ ಐತೇನ್ರೀ ರಾಯರ? ನಮ್ಮ ಮಗಳು ಗ್ಯಾನವ್ವ ಗಡ್ಡ್ಯಾಗ ದಿನ ತುಂಬಿ ಕುಂತಾಳ. ಚೊಚ್ಚಲ ಬಾಣಂತನ. ಆಕಿ ಅತ್ತಿ ಕಣ್ಣು ಕಾಣಲಾರದ ಮುದುಕಿ. ನಾ ದಾಟಿ ಹೋಗ್ಲಿಲ್ಲ ಅಂದ್ರ ಆಕೀನ ಹಿಡ್ಯಾವ್ರ್ಯಾರು? ನಿಮ್ಮ ಸಾಹೇಬ್ರು ಬರ್ತಾರೇನು?”

“ಸುಮ್ಮನಿರ ಬೇ,” ಎಂದ ಗದ್ದೆಪ್ಪ.

“ಯಾಕ ಸುಮ್ಮನಿರ್ಲಿ? ಕೊಡಬ್ಯಾಡ ಅಂತ ನಾ ಬಡಕೊಂಡೆ. ರಾಯರು ಮಾತಿನ ಮನುಷ್ಯ ಅಂತ ನೀನ ಹಾರ್ಯಾಡಿದಿ!”

ಈ ಮಾತು ರಾಯರ ಮುಖಕ್ಕೆ ಹೊಡೆದಂತೆ ಬಿದ್ದಿತು. ಅವರ ವಂಶದಲ್ಲಿ ಹಣವಂತರು ಯಾರೂ ಆಗಿರಲಿಲ್ಲ. ಮಾತಿಗೆ ತಪ್ಪಿದವರೂ ಆಗಿರಲಿಲ್ಲ. ಗಿರದಾವರನಿಗಿಂತ ಮೇಲಿನ ಪೇಷ್ಕಾರನ ಹುದ್ದೆಯೊಂದು ಖಾಲಿಯಿದ್ದು, ಈ ಪ್ರದರ್ಶನ ಚೆನ್ನಾಗಿ ಮುಗಿದರೆ ಅದು ತಮಗೆ ಬರಬಹುದೆಂಬ ಆಸೆ ಅವರಿಗಿತ್ತು. ಹುಕುಮು ಒಂದು ಕಡೆ, ಶೀಲಹಳ್ಳಿಯ ದಂಡೆಯಲ್ಲಿ ಆಡಿದ ಮಾತು ಇನ್ನೊಂದು ಕಡೆ. ಎರಡನ್ನೂ ಕೂಡಿಸಲು ಬರುವಂತಿರಲಿಲ್ಲ.

ಗದ್ದಲ ಕೇಳಿ ಒಳಗಿನಿಂದ ಹಸನ್‌ಸಾಬ್ ಬಂದ. ಮಸ್ಕಿಯ ಹುಡುಗ, ಹಡಗಿನಲ್ಲಿ ಮೂರು ವರ್ಷ ದುಡಿದವ. ಜನರಿಗೆ ಮಾದರಿಗಳನ್ನು ತೋರಿಸಿ ವಿವರಿಸಲೆಂದು ಪಡೆಯವರೇ ಅವನನ್ನು ಕಳಿಸಿದ್ದರು. ಬಿಳಿಯ ಸಮವಸ್ತ್ರದ ಮೇಲೆ ಒಂದು ಕಲೆಯಿಲ್ಲದಂತೆ ಇರುತ್ತಿದ್ದ. ಹರಿಗೋಲನ್ನು ಒಂದು ಸುತ್ತು ಬಂದು ನೋಡಿದ.

“ಕಾಕಾ, ಸುಣ್ಣಕ್ಕ ಹುಳಿ ಬಿದ್ರ ಅದರ ಸೊಕ್ಕು ಮುರೀತೈತಿ. ನಮ್ಮಲ್ಲಿ ಹಿತ್ತಾಳಿಗೆ ಹಂಗ ಮಾಡ್ತೀವಿ. ಹುಣಸಿ ಐತೇನು?”

“ಹುಣಸಿ ಬ್ಯಾಡ, ತೊಗಲು ಕರ‍್ರಗಾಗಿ ಬಿಗೀತೈತಿ,” ಎಂದಳು ಜೋಗಮ್ಮ. ಸಿಟ್ಟಿನ ನಡುವೆಯೂ ಅವಳ ಕೈಗಳು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದವು. “ಹುಳಿ ಅಂಬ್ಲಿ ಬೇಕು. ಜ್ವಾಳದ ಅಂಬ್ಲಿ, ಮೂರು ದಿನ ಹುಳಿ ಬಂದದ್ದು. ಮನಿ ಮನಿ ಕೇಳು ಹೋಗಲೇ ತಮ್ಮಾ.”

ಹೀಗಾಗಿ ನೌಕಾಪಡೆಯ ಸಮವಸ್ತ್ರ ತೊಟ್ಟ ಯುವಕನೊಬ್ಬ ಕೊಡ ಹೊತ್ತು ಲಿಂಗಸುಗೂರಿನ ಓಣಿಗಳಲ್ಲಿ ಅಂಬಲಿ ಬೇಡುತ್ತ ತಿರುಗಿದ. ಹೆಂಗಸರು ನಕ್ಕರು. “ಯಾಕಪ್ಪಾ, ಹಡಗಿನಾಗ ಉಪವಾಸ ಕೆಡವ್ಯಾರೇನು?” ಎಂದು ಒಬ್ಬಳು ಕೇಳಿದಳು. ಅವನೂ ನಕ್ಕು, “ನನಗಲ್ಲಬೇ, ಹಡಗಿಗೆ ಹಸಿವ್ಯಾಗೈತಿ,” ಎಂದ. ಆದರೂ ಕೊಡ ತುಂಬಿತು. ಜಂಗ್ಲಿಸಾಬ ಇನ್ನೊಂದು ಕೊಡ ತಂದ. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾಲ್ವರೂ ಸೇರಿ ಸುಣ್ಣವನ್ನು ತೊಳೆದು, ಅಂಬಲಿ ಸುರಿದು, ಒದ್ದೆ ಗೋಣಿತಟ್ಟು ಹೊದಿಸಿದರು. ಹಡಗಿನ ಚರಿತ್ರೆ ನೋಡಲು ಬಂದವರು ಮೂಗು ಮುಚ್ಚಿಕೊಂಡು ಇದನ್ನೇ ನೋಡುತ್ತ ನಿಂತರು.

ಇಳಿಹೊತ್ತಿಗೆ ಗೋಣಿ ಸರಿಸಿದಾಗ ಲೆಕ್ಕ ಸ್ಪಷ್ಟವಾಯಿತು. ಮರದ ನೆರಳಿನಲ್ಲಿದ್ದ ತೊಗಲು ಉಳಿದಿತ್ತು. ಬಿಸಿಲಿಗೆ ಮೈಯೊಡ್ಡಿದ್ದ ಇನ್ನೊಂದು ಹೊಲಿಗೆಯುದ್ದಕ್ಕೂ ಸೀಳಿತ್ತು.

“ಒಂದು ತೊಗಲು ಬೇಕ್ರೀ,” ಎಂದ ಗದ್ದೆಪ್ಪ. “ಎಲ್ಲಿ ಸಿಗತೈತಿ? ಲಡಾಯಿ ಬೂಟಿಗಂತ ಗುತ್ತೇದಾರರು ಇದ್ದಬದ್ದ ತೊಗಲೆಲ್ಲ ಒಯ್ದಾರ.”

ರಾಯರು ರುಮಾಲು ಸರಿಪಡಿಸಿಕೊಂಡು, ಊರ ಹೊರಗೆ ತೊಗಲು ಹದಮಾಡುವವರ ಕೇರಿಯತ್ತ ನಡೆದರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಆ ಕೇರಿಯ ಹೊರಗೆ ನಿಂತು ಅವರು ಎಷ್ಟೋ ಸಲ ಜನರನ್ನು ಕರೆಸಿದ್ದರು, ಒಳಗೆ ಕಾಲಿಟ್ಟಿರಲಿಲ್ಲ. ಮುದುಕಪ್ಪನೆಂಬವನ ಅಂಗಳದಲ್ಲಿ ತೊಟ್ಟಿಯೊಂದರೊಳಗೆ ಒಂದು ಎಮ್ಮೆತೊಗಲು ಹದಗೊಂಡು ಮಲಗಿತ್ತು. ಮುದುಕಪ್ಪ ಗಾಬರಿಯಿಂದ ಎದ್ದು ನಿಂತ.

“ನೀವ್ಯಾಕ ಬಂದ್ರೀ ರಾಯರ, ಹೇಳಿಕಳಿಸಿದ್ರ ನಾನ ಬರ್ತಿದ್ದೆ.”

“ಆ ತೊಗಲು ಯಾರದು?”

“ತ್ವಾಟದವರೊಬ್ರು ಬಾವಿ ನೀರೆತ್ತೋ ಬಾನಿ ಹೊಲ್ಯಾಕ ಹೇಳ್ಯಾರ. ಯಾಕ್ರೀ?”

ರಾಯರು ನಡೆದದ್ದನ್ನೆಲ್ಲ ಹೇಳಿದರು. ಸುಣ್ಣ ಬಳಿಸಿದ್ದು ತಾವೇ ಎಂಬುದನ್ನು ಬಿಡದೆ ಹೇಳಿದರು. ಮುದುಕಪ್ಪ ತಲೆ ಕೆರೆದುಕೊಂಡ.

“ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರೀ. ಇದು ಹುಕುಮೋ, ಕೇಳಾಕತ್ತೀರೋ?”

“ಕೇಳುತ್ತಿದ್ದೇನೆ.”

“ಹುಕುಮಾಗಿದ್ರ ತೊಗಲು ಇನ್ನೂ ಹದಾ ಬಂದಿಲ್ಲ ಅಂತ ಹೇಳಿ ಕಳಸ್ತಿದ್ದೆ,” ಎಂದು ಮುದುಕಪ್ಪ ನಕ್ಕ. “ಬಾನ್ಯಾವರು ನಾಕು ದಿನ ತಡಿಲಿ, ನಾ ಹೇಳ್ತೀನಿ. ಬಸುರಿ ತಡ್ಯಾಕ ಆಗಂಗಿಲ್ಲ.”

“ಬೆಲೆ ಏನು?”

“ರೊಕ್ಕ ಬ್ಯಾಡ್ರೀ. ರೊಕ್ಕ ಹಿಡಕೊಂಡು ಎಲ್ಲಿ ಹೋದ್ರೂ ಈಗ ತೊಗಲು ಸಿಗಂಗಿಲ್ಲ. ತೊಗಲಿಗೆ ತೊಗಲು ಕೊಡ್ರಿ, ಆವಾಗ ಚುಕ್ತಾ.”

“ಕೊಡುತ್ತೇನೆ,” ಎಂದರು ರಾಯರು. ಹಳೆಯ ಮಾತು ತೀರುವ ಮೊದಲೇ ಇನ್ನೊಂದು ಮಾತು ಕೊಟ್ಟಂತಾಯಿತು.

ತೊಗಲು ನೆನೆದು ಭಾರವಾಗಿತ್ತು. ಮುದುಕಪ್ಪ ಅದನ್ನು ಬಿದಿರುಗಳದ ಮೇಲೆ ತೂಗುಹಾಕಿ ಸುತ್ತ ನೋಡಿದ. ಕೇರಿಯ ಗಂಡಾಳುಗಳೆಲ್ಲ ಹೊಲಕ್ಕೆ ಹೋಗಿದ್ದರು. ರಾಯರು ಶಲ್ಯವನ್ನು ಸೊಂಟಕ್ಕೆ ಬಿಗಿದು, ಗಳದ ಇನ್ನೊಂದು ತುದಿಗೆ ಹೆಗಲು ಕೊಟ್ಟರು.

“ಬ್ಯಾಡ್ರೀ ರಾಯರ! ನಿಮ್ಮವರು ನೋಡಿದ್ರ ಏನಂದಾರು?”

“ನಡೆ.”

ಅವರು ಬಜಾರಿನ ನಡುವೆಯೇ ಬಂದರು. ಬೇರೆ ದಾರಿ ಇರಲಿಲ್ಲ. ಕಿರಾಣಿ ಅಂಗಡಿಯವನು ತಕ್ಕಡಿ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದ. ಅರ್ಚಕರೊಬ್ಬರು ದೂರದಿಂದಲೇ ನೋಡಿ ಮಗ್ಗುಲ ಓಣಿಗೆ ತಿರುಗಿಬಿಟ್ಟರು. ತೊಗಲಿನಿಂದ ಇಳಿದ ನೀರು ರಾಯರ ಅಂಗಿಯ ಬೆನ್ನನ್ನು ನೆನೆಸಿತು. ಅವರು ಯಾರನ್ನೂ ನೋಡಲಿಲ್ಲ, ಯಾರಿಂದಲೂ ಮುಖ ತಿರುಗಿಸಲೂ ಇಲ್ಲ.

ಶುಕ್ರವಾರ ಬೆಳಗಿನಿಂದ ಗದ್ದೆಪ್ಪನೂ ಮುದುಕಪ್ಪನೂ ಎದುರುಬದುರು ಕುಳಿತು ಹೊಲಿದರು. ಹಸನ್‌ಸಾಬ್ ಹಡಗಿನ ಗಂಟುಗಳನ್ನು ಹಾಕಿ ತೋರಿಸಿದ. ಗದ್ದೆಪ್ಪ ಅವುಗಳಲ್ಲಿ ಒಂದನ್ನು ಮೆಚ್ಚಿ, ಉಳಿದವನ್ನು “ಇವು ಸಾಹೇಬ್ರಿಗೆ ತೋರಸು” ಎಂದು ಬಿಚ್ಚಿಹಾಕಿದ. ಮಧ್ಯಾಹ್ನ ಹರಿಗೋಲು ಬಂಡಿಗೇರಿತು. ಮೇಲೇರಿ ಕುಳಿತ ಜೋಗಮ್ಮ ರಾಯರ ಕಡೆ ನೋಡದೆಯೇ ಅಂದಳು:

“ನಿಮಗ ಭಾಳ ಅಂದೆನ್ರೀ. ಹೊಟ್ಟಿಸಂಕಟ ಮಾತಾಡಿಸ್ತು.”

“ಅಂದದ್ದರಲ್ಲಿ ತಪ್ಪಿಲ್ಲ. ಒಂದು ದಿನ ತಡವಾಗಿದೆ. ಬೇಗ ಹೋಗಿ.”

ಶನಿವಾರ ತಾಲೂಕುದಾರ ಸಾಹೇಬರು ಬಂದರು. ನೌಕಾಪಡೆಯ ಕುರಿತು ಭಾಷಣವಾಯಿತು, ಹಡಗಿನ ಗಂಟೆಯನ್ನು ಬಾರಿಸಿದರು, ಶಾಲೆಯ ಹುಡುಗರಿಗೆ ಬೆಲ್ಲ ಹಂಚಿದರು. ಸಾಹೇಬರು ಮಾದರಿಗಳನ್ನೆಲ್ಲ ಸಾವಕಾಶವಾಗಿ ನೋಡಿ ಹೊರಗೆ ಬಂದಾಗ, ಬೇವಿನ ಮರದ ಕೆಳಗೆ ನೆಲದ ಮೇಲೆ ಬಂಡಿಗಾಲಿಗಿಂತ ದೊಡ್ಡದಾದ ಬಿಳಿಯ ಸುಣ್ಣದ ಉಂಗುರ ಮಾತ್ರ ಇತ್ತು.

“ಇಲ್ಲಿ ಏನಿತ್ತು?”

“ಹರಿಗೋಲು, ಹುಜೂರ್. ನಲವತ್ತೊಂದನೆಯ ವಸ್ತು.”

“ಎಲ್ಲಿ ಹೋಯಿತು?”

“ಕೆಲಸಕ್ಕೆ ಹೋಗಿದೆ. ಗುರುವಾರದವರೆಗೆಂದು ಮಾತುಕೊಟ್ಟು ತಂದಿದ್ದೆ. ಮಾತು ಕೊಟ್ಟವನು ನಾನು. ಹುಕುಮು ಮೀರಿದವನೂ ನಾನೇ. ಸಿಂಧನೂರಿಗೆ ನಲವತ್ತು ಹೋಗುತ್ತವೆ.”

ಜೊತೆಯಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಹಸನ್‌ಸಾಬ್ ಸೆಟೆದು ಸಲಾಮು ಹೊಡೆದು, “ಹುಜೂರ್, ನೀರಾಗ ಇರೋದು ಅದೊಂದ ರೀ. ಉಳಿದವೆಲ್ಲ ಗಾಜಿನಾಗ ಅದಾವ,” ಎಂದ. ಸಾಹೇಬರ ಮೀಸೆ ಒಂದಿಷ್ಟು ಅಲುಗಿತು. ಅದು ನಗೆಯೋ ಅಲ್ಲವೋ ಎಂದು ಯಾರಿಗೂ ತಿಳಿಯಲಿಲ್ಲ. ಮೋಟಾರು ಹೊರಟುಹೋಯಿತು. ಪೇಷ್ಕಾರನ ಹುದ್ದೆ ಮುಂದಿನ ತಿಂಗಳು ಬೇರೊಬ್ಬರಿಗಾಯಿತು.

ಸೋಮವಾರ ಶೀಲಹಳ್ಳಿಯಿಂದ ಖಾಲಿ ಬಂಡಿಯೊಡನೆ ಸುದ್ದಿ ಬಂದಿತು: ಜೋಗಮ್ಮ ಹೊಳೆ ದಾಟಿದ ಸಂಜೆಯೇ ಗ್ಯಾನವ್ವ ಹೆತ್ತಳು, ಹೆಣ್ಣುಮಗು, ತಾಯಿ ಕ್ಷೇಮ.

ಉಳಿದದ್ದು ಮುದುಕಪ್ಪನ ತೊಗಲು. ರಾಯರು ಹೋದ ಊರುಗಳಲ್ಲೆಲ್ಲ ವಿಚಾರಿಸಿದರು; ಎಲ್ಲಿಯೂ ದೊರೆಯಲಿಲ್ಲ. ಮಾಘಮಾಸದಲ್ಲಿ ಅವರ ಮನೆಯ ಎಮ್ಮೆಯೇ ರೋಗ ಬಂದು ಸತ್ತಿತು. ಹೈನು ಹೋದ ದುಃಖದಲ್ಲಿಯೂ ಸಾಲ ತೀರಿತೆಂಬ ಸಮಾಧಾನದಿಂದ ಅವರು ಮುದುಕಪ್ಪನನ್ನು ಕರೆಸಿದರು.

“ತೊಗಲಿಗೆ ತೊಗಲು. ತೆಗೆದುಕೊಂಡು ಹೋಗು. ಚುಕ್ತಾ ಆಯಿತೇ?”

ಮುದುಕಪ್ಪ ಸತ್ತ ಎಮ್ಮೆಯನ್ನೂ ರಾಯರನ್ನೂ ನೋಡಿದ.

“ಹೆಂಗ ಚುಕ್ತಾ ಆಗತೈತ್ರೀ ರಾಯರ? ಊರಾಗ ಸತ್ತ ದನದ ತೊಗಲು ಅಜ್ಜ ಮುತ್ಯಾನ ಕಾಲದಿಂದ ನಮ್ಮ ಹಕ್ಕು. ನಂದ ನನಗ ಕೊಟ್ರ ಅದು ಸಾಲ ತೀರಿಸಿದಂಗ ಆಗತೈತೇನು?”

ರಾಯರು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದರು. ಊರಿನ ಪ್ರತಿಯೊಂದು ತೊಗಲೂ ಮೊದಲೇ ಮುದುಕಪ್ಪನ ಕೇರಿಯವರದು. ಹಾಗಿರುವಾಗ ಕೊಡಲು ತಮ್ಮ ಬಳಿ ತೊಗಲು ಬರುವುದಾದರೂ ಎಲ್ಲಿಂದ? ಲೆಕ್ಕದಲ್ಲಿ ಎಲ್ಲಿಯೂ ತಪ್ಪು ಸಿಗಲಿಲ್ಲ.

“ನೀನು ಹೇಳುವುದು ಸರಿ,” ಎಂದರು.

“ಇರಲಿ ಬಿಡ್ರೀ, ನಾನೇನು ಜಪ್ತಿಗಿ ಬಂದೀನೇನು?” ಎಂದು ನಗುತ್ತ ಮುದುಕಪ್ಪ ಎಮ್ಮೆಯ ಕಾಲಿಗೆ ಹಗ್ಗ ಬಿಗಿಯತೊಡಗಿದ.

ಸಾಲ ಹಾಗೆಯೇ ಉಳಿಯಿತು.