ಇಳಿಜಾರಿನ ಕೊನೆಯ ಮನೆ

ವರ್ತೂರಿನ ಕಡೆಯ ಆ ಬಡಾವಣೆಯಲ್ಲಿದ್ದವರೆಲ್ಲ ಒಂದೇ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದವರು. ಸೈರನ್ ಕೂಗದಿದ್ದರೂ ನಸುಕಿಗೇ ಏಳುತ್ತಿದ್ದರು, ಆಗಾಗ ಏನನ್ನಾದರೂ ವಿರೋಧಿಸಿ ಆರೋಗ್ಯ ಕಾಪಾಡಿಕೊಳ್ಳುತ್ತಿದ್ದರು. ನಿವಾಸಿಗಳ ಸಂಘದ ಅಧ್ಯಕ್ಷ ದ್ವಾರಕಾನಾಥರು ಕಾರ್ಖಾನೆಯಲ್ಲಿ ಯೂನಿಯನ್ ಕಾರ್ಯದರ್ಶಿಯಾಗಿದ್ದವರು. ಹೋರಾಟ ಗೆಲ್ಲುವುದು ಹೇಗೆಂದು ಅವರಿಗೆ ಗೊತ್ತಿತ್ತು. ಗೆದ್ದ ಮೇಲೆ ಏನು ಎಂದು ಅವರು ಎಂದೂ ಕೇಳಿಕೊಂಡವರಲ್ಲ.

ಹೋದ ವರ್ಷ ಒಳಚರಂಡಿ ಯೋಜನೆ ಬಂತು. ನಕ್ಷೆ ಹಿಡಿದು ಬಂದ ಎಂಜಿನಿಯರ್ ಕೊಟ್ರೇಶ್ ಕೂಡ್ಲಿಗಿ ಕಡೆಯವನು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಮಾತು ಕಡಿಮೆ. ದಿಬ್ಬದ ಮೇಲಿನ ಅಪಾರ್ಟ್‌ಮೆಂಟು, ನಡುವಿನ ಕಾಲೊನಿ, ಕೆಳಗಿನ ಈ ಬಡಾವಣೆ, ಎಲ್ಲದರ ಕೊಳಚೆಯೂ ಪೈಪಿನಲ್ಲಿ ತಾನಾಗಿ ಹರಿದು ತಗ್ಗಿಗೆ ಬರುತ್ತದೆ, ಅಲ್ಲೊಂದು ಬಾವಿ ತೋಡಿ ಪಂಪಿಟ್ಟು ಶುದ್ಧೀಕರಣಕ್ಕೆ ಎತ್ತಿ ಕಳಿಸಬೇಕು ಎಂದು ವಿವರಿಸಿದ. ತಗ್ಗು ಇದ್ದದ್ದು ಬಡಾವಣೆಯ ಪಾರ್ಕಿನಲ್ಲಿ. ಪಾರ್ಕಿಗೆ ಅಂಟಿಕೊಂಡ ಕೊನೆಯ ಮನೆ ದ್ವಾರಕಾನಾಥರದು.

“ಅಲ್ಲಿ ನಾವು ಪ್ರಾಣಾಯಾಮ ಮಾಡ್ತೀವ್ರೀ,” ಎಂದರು ದ್ವಾರಕಾನಾಥರು. “ಉಸಿರು ಎಳ್ಕೊಂಡು ಹಿಡ್ಕೊಳ್ಳೋ ಜಾಗ. ಅಲ್ಲಿ ಹೇಲಿನ ಬಾವಿ ತೋಡ್ತೀರಾ?”

“ನೀರು ಅಲ್ಲಿಗೇ ಬರ್ತೈತಿ ಸರ್. ನಾವು ಕರದಿದ್ದಲ್ಲ.”

“ಬೇರೆ ಕಡೆ ಕರೀರಿ.”

ಶಾಮಿಯಾನ ಎದ್ದಿತು, ಸಂಘದ ಮೈಕು ಹೊರಬಂತು. ಯಾರೋ ಮೇಲಿನವರು ಇನ್ನೂ ಮೇಲಿನವರಿಗೆ ಫೋನು ಮಾಡಿದರು. ಕೊಟ್ರೇಶ್ ಹೊಸ ನಕ್ಷೆ ತಂದ. ಬಾವಿ ಈಗ ಕಾಲೊನಿಯ ಪಕ್ಕದ ಖಾಲಿ ಜಾಗಕ್ಕೆ ಹತ್ತಿತ್ತು. “ಪಾರ್ಕಿನಿಂದ ಅಲ್ಲೀಮಟ ಆಳಕ್ಕ ಇನ್ನೊಂದು ಪೈಪು ಹಾಕಿದ್ರ ಆಗ್ತೈತಿ ಸರ್,” ಎಂದ. ವಾದ ಮಾಡಲಿಲ್ಲ. ವಾದ ಮಾಡದ ಅಧಿಕಾರಿಯನ್ನು ಕಂಡು ದ್ವಾರಕಾನಾಥರಿಗೆ ಯಾಕೋ ಗೆಲುವಿನ ರುಚಿ ಹತ್ತಲಿಲ್ಲ.

ತಿಂಗಳೊಳಗೆ ಕಾಲೊನಿಯ ಚಿಕ್ಕಮುನಿಯಮ್ಮ ದ್ವಾರಕಾನಾಥರ ಗೇಟಿನ ಬಳಿ ನಿಂತಿದ್ದಳು.

“ಅಣ್ಣಾ, ಆ ಬಾವೀನ ನಮ್ಮ ತಲೆ ಮ್ಯಾಲೆ ತಂದವ್ರೆ. ನಿಮ್ಮಂಗೇ ನಾವೂ ಕುಂತ್ಕತೀವಿ. ಮೈಕು ಒಸಿ ಕೊಡಿ.”

ಹೋರಾಟಕ್ಕೆ ಮೈಕು ಇಲ್ಲವೆನ್ನುವುದು ಯೂನಿಯನ್ ಮನುಷ್ಯನಿಗೆ ಮನೆಗೆ ಬಂದವರಿಗೆ ನೀರು ಇಲ್ಲವೆಂದಂತೆ. ದ್ವಾರಕಾನಾಥರು ಮೈಕನ್ನೂ ಕೊಟ್ಟರು, ಘೋಷಣೆಯನ್ನೂ ತಿದ್ದಿದರು. “ಬೇಡ ಬೇಡ ಅಂತ ಎರಡು ಸಲ ಕೂಗ್ಬೇಕಮ್ಮ. ಒಂದು ಸಲಕ್ಕೆ ಸರ್ಕಾರಕ್ಕೆ ಕೇಳ್ಸಲ್ಲ.”

ಕಾಲೊನಿಯವರೂ ಗೆದ್ದರು. ಬಾವಿಯ ಕೆಲಸ ನಿಂತಿತು.

ಆದರೆ ಬೀದಿಬೀದಿಯಲ್ಲಿ ಪೈಪು ಹೂತು ಆಗಿತ್ತು. ಪಂಪು ಶುರುವಾಗುವ ತನಕ ಯಾರೂ ಮನೆಯ ಸಂಪರ್ಕ ಜೋಡಿಸಿಕೊಳ್ಳಬಾರದೆಂದು ಹೇಳಿದ್ದರು. ಪೈಪು ಮನೆ ಮುಂದೆ ಬಂದ ಮೇಲೆ ಅನುಮತಿಗೆ ಕಾಯುವಷ್ಟು ವೈರಾಗ್ಯ ಬೆಂಗಳೂರಿನಲ್ಲಿ ಯಾರಿಗಿದೆ? ಮೊದಲು ಜೋಡಿಸಿಕೊಂಡವರು ದ್ವಾರಕಾನಾಥರೇ. ಮನೆಯ ಕೊಳಚೆ ಬೀದಿಯ ಪೈಪಿಗೆ ಸೇರುವ ಅಂಗಳದ ಚೇಂಬರಿನ ಮುಚ್ಚಳಕ್ಕೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದು, ಹಳೆಯ ಶೌಚದ ಗುಂಡಿಗೆ ಮಣ್ಣು ತುಂಬಿಸಿ, ಅದರ ಮೇಲೆ ಗ್ರಾನೈಟ್ ಹಾಸಿದರು.

“ಇಷ್ಟು ವರ್ಷ ದುಡಿದ ಗುಂಡಿ,” ಎಂದರು ಹೆಂಡತಿ ವೆಂಕಟಲಕ್ಷ್ಮಿ. “ಒಂದು ಶಾಲು ಹೊದಿಸಿ ಬೀಳ್ಕೊಡೋದಲ್ವೇ?”

ಕಾಲೊನಿಯೂ ಜೋಡಿಸಿಕೊಂಡಿತು. ದಿಬ್ಬದ ಅಪಾರ್ಟ್‌ಮೆಂಟಿನವರು ಕರೆಂಟು ಉಳಿಯಿತೆಂದು ತಮ್ಮದೇ ಶುದ್ಧೀಕರಣ ಘಟಕ ನಿಲ್ಲಿಸಿ ಜೋಡಿಸಿಕೊಂಡರು. ಎಲ್ಲವೂ ಇಳಿದು ಬಂದು ಪಾರ್ಕಿನ ಪಕ್ಕ, ಮುಂದೆ ದಾರಿಯಿಲ್ಲದೆ ನಿಲ್ಲುತ್ತಿತ್ತು. ದಿನಾ ಕೊಟ್ರೇಶ್ ಕಳಿಸುವ ಹೀರುವ ಲಾರಿಯೊಂದು ಬಂದು ಖಾಲಿ ಮಾಡುತ್ತಿತ್ತು.

ನೀರು ತುಂಬುವ ಹಬ್ಬದ ಸಂಜೆ ಲಾರಿ ಬರಲಿಲ್ಲ.

ಮಗಳು ಶ್ರೀರಂಜನಿಗೆ ಮದುವೆಯಾದ ಮೇಲಿನ ಮೊದಲ ದೀಪಾವಳಿ. ಅಳಿಯ ಅಮೋಘ್‌ನೊಂದಿಗೆ ಬಂದಿದ್ದಳು. ವೆಂಕಟಲಕ್ಷ್ಮಿ ಹಂಡೆ ತೊಳೆದು ಸುಣ್ಣದ ಗೆರೆ ಎಳೆದು, ಅಂಗಳದ ಸಂಪಿನಿಂದ ನೀರು ತುಂಬಿಸಿದರು. ಕುಡಿಯುವುದಕ್ಕೂ ಅದೇ ಸಂಪು. ಅದಕ್ಕೂ ಚೇಂಬರಿಗೂ ನಡುವೆ ಒಂದು ತುಳಸಿಕಟ್ಟೆಯಷ್ಟೇ ಅಂತರ. ದ್ವಾರಕಾನಾಥರು ನೋಡಿದರೆ ಚೇಂಬರಿನ ಮುಚ್ಚಳದ ಅಂಚು ಬೆವರುತ್ತಿತ್ತು. ಕೊಟ್ರೇಶನಿಗೆ ಫೋನು ಮಾಡಿದರು.

“ಡ್ರೈವರ್ ಹಬ್ಬಕ್ಕ ಊರಿಗೆ ಹೋಗ್ಯಾನ ಸರ್. ನಾನೂ ಬಸ್ಸಿನ್ಯಾಗ ಅದೀನಿ.”

“ಇಲ್ಲಿ ನನ್ನ ಸಂಪು ಹೋಗುತ್ತಲ್ರೀ!”

“ಹೋಗಂಗಿಲ್ರಿ. ಮುಂದಿನ ಮೂವತ್ತು ವರ್ಷದ ಜನಕ್ಕಂತ ಹಾಕಿದ ಪೈಪು, ಒಂದಿನ ತಡೀತೈತಿ. ಎಲ್ಲಾರೂ ಒಮ್ಮೆಗೇ ನೀರು ಬಿಡಬಾರದು, ಅಷ್ಟ.” ಬಸ್ಸು ಹಾರ್ನ್ ಹೊಡೆಯಿತು. ಆಮೇಲೆ ಅವನೇ, “ನಾಳೆ ಎಣ್ಣೆಸ್ನಾನ ಅಲ್ರೀ?” ಎಂದ.

ದ್ವಾರಕಾನಾಥರು ಚಪ್ಪಲಿ ಮೆಟ್ಟಿ ದಿಬ್ಬ ಹತ್ತಿದರು. ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಗುರುರಾಜ್ ಕೈಯಲ್ಲಿ ದೀಪದ ಸರ ಹಿಡಿದೇ ಕೇಳಿಸಿಕೊಂಡ.

“ನರಕ ಚತುರ್ದಶಿ ದಿನ ಸ್ನಾನ ಮಾಡ್ಬೇಡಿ ಅಂತ ಗ್ರೂಪಲ್ಲಿ ಮೆಸೇಜ್ ಹಾಕ್ಲಾ ಅಂಕಲ್? ನನ್ನನ್ನೇ ನರಕಾಸುರ ಅಂತಾರೆ.”

“ಮಧ್ಯಾಹ್ನದ ಮೇಲೆ ಮಾಡ್ಲಿ ಕಣಯ್ಯ.”

“ಪಂಪ್‌ಹೌಸ್ ಬಂದಿದ್ರೆ ಈ ಗೋಳೇ ಇರ್ತಿರ್ಲಿಲ್ಲ. ಯಾರೋ ಬೇಡ ಅಂದ್ರಂತಲ್ಲ?” ಎಂದು ಗುರುರಾಜ್ ಸರದ ಗಂಟು ಬಿಡಿಸತೊಡಗಿದ.

ಇಳಿಯುವಾಗ ಕಾಲೊನಿಯಲ್ಲಿ ಚಿಕ್ಕಮುನಿಯಮ್ಮನನ್ನೂ ಕೇಳಿದರು. ಅವಳು ಬಾಗಿಲಲ್ಲಿ ಸಾಲಾಗಿದ್ದ ಬಿಂದಿಗೆಗಳನ್ನು ತೋರಿಸಿದಳು. “ತುಂಬಿ ಆಯ್ತಲ್ಲ ಅಣ್ಣಾ. ತುಂಬಿದ್ ನೀರ್ನ ಏನ್ ಮಾಡಾನ?”

ಮನೆಗೆ ಬಂದು ಸಂಪಿನ ಸುತ್ತ ಮರಳಿನ ಚೀಲ ಒತ್ತಿದರು. ಮೊದಲ ಹಬ್ಬದ ಅಳಿಯನಿಗೆ ಎಣ್ಣೆಸ್ನಾನ ಬೇಡವೆನ್ನಲು ಬಾಯಿ ತೆರೆದರು. ವೆಂಕಟಲಕ್ಷ್ಮಿಯ ಮುಖ ನೋಡಿ ಮುಚ್ಚಿಕೊಂಡರು.

ನಸುಕಿನಲ್ಲಿ ದಿಬ್ಬದ ಮೇಲೆ ಮೊದಲ ಪಟಾಕಿ ಸಿಡಿಯಿತು. ಅಪಾರ್ಟ್‌ಮೆಂಟಿನ ಬಚ್ಚಲುಗಳಲ್ಲಿ ಮಹಡಿಯಿಂದ ಮಹಡಿಗೆ ದೀಪ ಹತ್ತಿಕೊಳ್ಳುತ್ತ ಬಂತು, ಆಮೇಲೆ ಕಾಲೊನಿಯಲ್ಲಿ ಒಲೆಗಳ ಹೊಗೆ. ಅಂಗಳದಲ್ಲಿ ನಿಂತಿದ್ದ ದ್ವಾರಕಾನಾಥರ ಕಾಲಡಿ ಏನೋ ಗೊರಗೊರ ಎಂದಿತು. ಚೇಂಬರಿನ ಮುಚ್ಚಳ ಒಂದು ಬದಿಗೆ ಚೂರು ಎದ್ದು ಮತ್ತೆ ಕೂತಿತು, ಅನ್ನ ಬೆಂದಿದೆಯೇ ಎಂದು ಒಳಗಿನಿಂದ ಯಾರೋ ನೋಡಿದಂತೆ.

“ಮಾವ,” ಬಚ್ಚಲಿನಿಂದ ಅಮೋಘ್ ಕೂಗಿದ. “ಇಲ್ಲಿ ನೀರು ನಿಂತ್ಕೊಂಡಿದೆ.”

“ಹಾಕ್ಕೋಬೇಡಿ, ಹಾಕ್ಕೋಬೇಡಿ! ಇದ್ದ ಹಾಗೇ ಬಂದ್ಬಿಡಿ!”

“ನಾನಿನ್ನೂ ಒಂದು ಚೊಂಬೂ ಹಾಕ್ಕೊಂಡಿಲ್ಲ ಮಾವ.”